ಮಳೆ ಹಿಡಿಯೋ ಮುಂಚೆ ಹಳ್ಳದ ಪಂಪು ಮನೆಗೆ ತನ್ನಿ

ಮೇ ತಿಂಗಳು ಮುಗೀತಾ ಬಂದ್ರೆ ನಮ್ ಮಲೆನಾಡಿನ ತೋಟದ ಮನೇಲಿ ಕಟ್ಟಿಗೆ ಒಳಗ್ ಹಾಕೋದು, ಹಪ್ಪಳ ಒಣಗ್ಸೋದು ಎಲ್ಲ ನೆನಪಿರುತ್ತೆ, ಹಳ್ಳದ ದಡದಲ್ಲಿ ಕೂತಿರೋ ಪಂಪ್‌ಸೆಟ್ ಮಾತ್ರ ಮರ್ತೇ ಹೋಗುತ್ತೆ. ರೋಹಿಣಿ ಮಳೆ ಹುಟ್ಟೋದು ಮೇ 25ರ ಹೊತ್ತಿಗೆ, ಅಷ್ಟರೊಳಗೆ ಎತ್ತಿಬಿಡಿ, ಆರಿದ್ರೆ ಮಳೇಲಿ ಹಳ್ಳ ತುಂಬಿದ್ಮೇಲೆ ಕೆಳಗೆ ಇಳಿಯಕ್ಕೂ ಆಗಲ್ಲ. 2019ರ ಆಗಸ್ಟ್ ನೆರೇಲಿ ನಮ್ದು ಹಳ್ಳದಿಂದ ನೀರೆಳೆಯೋ ಸಕ್ಷನ್ ಪೈಪ್, ಅದರ ತುದೀಲಿ ನೀರು ವಾಪಸ್ ಇಳೀದಂಗೆ ತಡೆಯೋ ಫುಟ್‌ವಾಲ್ ಎರಡೂ ಹೋದ್ವು, ಪಂಪು ಮನೇಲಿತ್ತು, ಪೈಪ್ ನಾಳೆ ತಂದ್ರಾಯ್ತು ಅಂತ ಬಿಟ್ಟಿದ್ದೆ, ಆ ನಾಳೆ ಬರ್ಲೇ ಇಲ್ಲ.

ಮೊದ್ಲು ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಳ್ಳಿ, ಮನೇಲಿ ಯಾರಾದ್ರೂ ಗೊತ್ತಿಲ್ದೆ ಹಾಕಿಬಿಟ್ರೆ ಕಷ್ಟ. ತ್ರೀ ಫೇಸ್ ಮೋಟಾರಾದ್ರೆ ವಯರ್ ಬಿಚ್ಚೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗೀರಿ, ನಮ್ ಕಾಲದಲ್ಲಿ ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ತಿದ್ವಿ. ಎರಡು ವಯರ್ ಅದಲುಬದಲಾದ್ರೂ ಮೋಟಾರ್ ಉಲ್ಟಾ ತಿರುಗುತ್ತೆ, ಸದ್ದು ಬರುತ್ತೆ ನೀರು ಬರಲ್ಲ, ಆಮೇಲೆ ಸುಮ್ನೆ ಫುಟ್‌ವಾಲಿಗೆ ಬೈಕೊಂಡು ಕೂರೋದು.

ಈಗ ಮುಖ್ಯ ಕೆಲಸ, ಒಳಗಿನ ನೀರು ತೆಗೆಯೋದು. ಪಂಪಿನ ಹೊಟ್ಟೆ ಕೆಳಗೊಂದು ಪ್ಲಗ್ ಇರುತ್ತಲ್ಲ, ಅದನ್ನ ಬಿಚ್ಚಿ, ಮೇಲೆ ನೀರು ಹೊಯ್ಯೋ ಪ್ಲಗ್ಗೂ ಬಿಚ್ಚಿ, ಇಲ್ಲದಿದ್ರೆ ಗಾಳಿ ಹೋಗ್ದೆ ಅರ್ಧ ನೀರು ಅಲ್ಲೇ ನಿಲ್ಲುತ್ತೆ. ಅಮೆರಿಕದಲ್ಲಿರೋ ಮಗನೂ ಚಳಿಗಾಲಕ್ಕೆ ಮುಂಚೆ ಇದನ್ನೇ ಮಾಡ್ತಾನೆ, ಅಲ್ಲಿ ನೀರು ಹೆಪ್ಪುಗಟ್ಟಿ ಉಬ್ಬಿ ಎರಕದ ಕಬ್ಬಿಣವೇ ಸೀಳುತ್ತಂತೆ. ನಮ್ಮಲ್ಲಿ ಸೀಳಲ್ಲ, ತುಕ್ಕು ಹಿಡಿದು ಒಳಗೆ ನೀರು ತಳ್ಳೋ ಚಕ್ರ, ಅದೇ ಇಂಪೆಲ್ಲರ್, ಕಚ್ಕೊಂಬಿಡುತ್ತೆ. ಒಂದ್ಸಲ ಹಾಗೇ ಬಿಟ್ಟು ಡಿಸೆಂಬರಲ್ಲಿ ಕೈಲಿ ತಿರುಗಿಸಿ ನೋಡದೇನೇ ಸ್ವಿಚ್ ಒತ್ತಿದೆ, ಗುಂಯ್ ಅಂತು, ಹೊಗೆ ಬಂತು, ಮುಗೀತು, ಮೋಟಾರೊಳಗಿನ ತಂತಿ ಸುರುಳಿ, ವೈಂಡಿಂಗ್, ಹೋಯ್ತು. ಇನ್ನೊಂದು, ನೀರು ಬಸಿದಾದ್ಮೇಲೆ ಒಣಗ್ಲಿ ಅಂತ ಒಂದ್ನಿಮಿಷ ಓಡಿಸ್ತಾರೆ ಕೆಲವ್ರು, ಖಾಲಿ ಓಡಿಸಿದ್ರೆ ನೀರು ಸೋರದಂಗೆ ತಡೆಯೋ ಸೀಲ್ ಸುಟ್ಟೋಗುತ್ತೆ ಮಾರಾಯ್ರೇ, ಬಿಸಿಲಲ್ಲಿ ಎರಡು ದಿನ ಇಡಿ ಸಾಕು.

ಬೋಲ್ಟಿಗೆಲ್ಲ ಗ್ರೀಸ್ ಹಚ್ಚಿ. ತೆಂಗಿನೆಣ್ಣೆ ಬೇಡ, ಅಂಟಂಟಾಗುತ್ತೆ. ರಬ್ಬರ್ ವಾಷರಿಗೆ ಗ್ರೀಸ್ ತಾಗಿಸ್ಬೇಡಿ, ಉಬ್ಬುತ್ತೆ.

ಇಡೋ ಜಾಗದಲ್ಲೇ ಎಲ್ಲರೂ ಎಡವೋದು. ಬಚ್ಚಲೊಲೆ ಹತ್ರ ಬೆಚ್ಚಗಿರುತ್ತೆ ಅಂತ ಅಲ್ಲಿಟ್ರೆ ಹಬೆ ಮೋಟಾರಿಗೆ ಹೋಗುತ್ತೆ, ಸಿಮೆಂಟ್ ನೆಲದ ಮೇಲಿಟ್ರೆ ಥಂಡಿ ಏರುತ್ತೆ, ಪ್ಲಾಸ್ಟಿಕ್ಕಲ್ಲಿ ಬಿಗಿಯಾಗಿ ಸುತ್ತಿದ್ರೆ ಒಳಗೇ ಬೆವರುತ್ತೆ. ಅಡಿಗೆಮನೆ ಒಲೆ ಗೋಡೆಯ ಆಚೆ ಬದಿ ಹಲಗೆ ಹಾಕಿ ಅದರ ಮೇಲಿಡಿ, ಗೋಣಿಚೀಲ ಹೊದಿಸಿ, ಕೆಳಗೆ ಗಾಳಿ ಆಡ್ಲಿ. ಹದಿನೈದು ದಿನಕ್ಕೊಮ್ಮೆ ಹಿಂದಿನ ಫ್ಯಾನ್ ಹಿಡಿದು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಮೊದಲೆಲ್ಲ ಪಕ್ಕದಲ್ಲಿ 60 ವ್ಯಾಟ್ ಬಲ್ಬ್ ಉರಿಸಿಡ್ತಿದ್ವಿ ಥಂಡಿ ಹೋಗ್ಲಿ ಅಂತ, ಈಗಿನ ಎಲ್‌ಇಡಿ ಉರಿಸಿದ್ರೆ ಬೆಳಕು ಅಷ್ಟೇ, ಕಾವಿಲ್ಲ.

ಸ್ಟಾರ್ಟರ್ ಡಬ್ಬಿ ಮರೀಬೇಡಿ. ವಯರ್ ಹೋಗೋ ತೂತಿಂದ ಇರುವೆ, ಹಲ್ಲಿ ಒಳಗೆ ಸೇರ್ಕೊಂಡು ಕಾಂಟ್ಯಾಕ್ಟ್ ಮಧ್ಯ ಸಿಕ್ಕಿ ಸಾಯ್ತಾವೆ, ಸುತ್ತ ಎಂ-ಸೀಲ್ ಹಚ್ಚಿ ತೂತು ಮುಚ್ಚಿ. ಸ್ಪ್ರಿಂಕ್ಲರ್ ಪೈಪಿನ ಕೊನೇ ಮುಚ್ಚಳ ತೆಗೆದು ಒಂದ್ಸಲ ನೀರು ಬಿಟ್ಟು ಕೆಸರು ತೊಳ್ದು ಎತ್ತಿಡಿ, ಆದ್ರೆ ಈ ಕೆಲಸ ಪಂಪು ಬಿಚ್ಚೋ ಮೊದಲೇ ಮುಗಿಸ್ಬೇಕು, ನಾನು ಎರಡು ವರ್ಷ ಉಲ್ಟಾ ಮಾಡಿದೀನಿ. ಬೋರಿನ ಸಬ್‌ಮರ್ಸಿಬಲ್ ಎತ್ತೋದೇನೂ ಬೇಡ, ಹದಿನೈದು ದಿನಕ್ಕೊಮ್ಮೆ ಐದತ್ತು ನಿಮಿಷ ಓಡಿಸಿ.

ಡಿಸೆಂಬರಲ್ಲಿ ವಾಪಸ್ ಕೂರಿಸುವಾಗ ಮೊದ್ಲು ಕೈಲಿ ತಿರುಗುತ್ತಾ ನೋಡಿ, ಆಮೇಲೆ ನೀರು ತುಂಬಿ, ಆಮೇಲೆ ಸ್ವಿಚ್ಚು. ತಿರುಗೋ ಶಾಫ್ಟಿನ ಸುತ್ತ ನೀರು ತಡೆಯೋಕೆ ಸುತ್ತಿರೋ ಹಗ್ಗ, ಅದೇ ಗ್ಲ್ಯಾಂಡ್ ರೋಪ್, ಇರೋ ಹಳೇ ಪಂಪಾದ್ರೆ ಅಲ್ಲಿಂದ ತೊಟ್ಟು ತೊಟ್ಟು ನೀರು ಬೀಳ್ತಾನೇ ಇರ್ಬೇಕು, ಸೋರ್ತಿದೆ ಅಂತ ಸ್ಪ್ಯಾನರ್ ತಗೊಂಡು ಬಿಗಿಯೋಕೆ ಹೋಗ್ಬೇಡಿ, ಶಾಫ್ಟ್ ಸವೆದು ಹೋಗುತ್ತೆ.