ಪಿಜಿ ಸರ್ಟಿಫಿಕೇಟ್‌ನಿಂದ ಎಲ್‌ಎಲ್‌ಎಂವರೆಗೆ: ಕ್ರೆಡಿಟ್ ಕೈತಪ್ಪದಂತೆ ಹೋಗೋದು ಹೇಗೆ?

ನನ್ನ ಹಳೆಯ ಪಿಜಿ ಡಿಪ್ಲೊಮಾ ಮಾರ್ಕ್ಸ್ ಕಾರ್ಡಿನಲ್ಲಿ ಪೇಪರ್ ಒಂದು, ಎರಡು, ಮೂರು, ನಾಲ್ಕು ಅಂತಿದೆ. ಪಕ್ಕದಲ್ಲಿ ಅಂಕ. ಅಷ್ಟೇ. ಕ್ರೆಡಿಟ್ (ಎಷ್ಟು ಓದಿದ್ದೀರಿ ಅನ್ನೋದರ ಅಳತೆ) ಇಲ್ಲ, ಗಂಟೆ ಇಲ್ಲ, ವಿಷಯದ ಹೆಸರೂ ಇಲ್ಲ. ಅದನ್ನೇ ಸ್ಕ್ಯಾನ್ ಮಾಡಿ ಇಂಗ್ಲೆಂಡಿನ ಒಂದು ಯೂನಿವರ್ಸಿಟಿಗೆ ಕಳಿಸಿ, ಎಲ್‌ಎಲ್‌ಎಂನಲ್ಲಿ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿಯಲ್ಲಿ, ಎಷ್ಟು ಕ್ರೆಡಿಟ್ ವಿನಾಯಿತಿ ಕೊಡ್ತೀರಿ ಅಂತ ಕೇಳಿದ್ದೆ. ಎರಡೇ ಸಾಲಿನ ಉತ್ತರ ಬಂತು: ಯಾವ ಲೆವೆಲ್, ಎಷ್ಟು ಕ್ರೆಡಿಟ್, ಏನು ಸಿಲೆಬಸ್, ತಿಳಿಸಿ. ಸಿಲೆಬಸ್ ಪುಸ್ತಕ ಅಷ್ಟರಲ್ಲಿ ರದ್ದಿಗೆ ಹೋಗಿತ್ತು. ನನಗೆ ಸಿಕ್ಕಿದ್ದು ಸೊನ್ನೆ.

ಹಾಗಾಗಿ ಮೊದಲು ಅಲ್ಲಿಯ ಲೆಕ್ಕ ತಿಳಿದುಕೊಳ್ಳಿ. ಇಂಗ್ಲೆಂಡಿನಲ್ಲಿ ಪಿಜಿ ಸರ್ಟಿಫಿಕೇಟ್ ಅಂದರೆ 60 ಕ್ರೆಡಿಟ್, ಪಿಜಿ ಡಿಪ್ಲೊಮಾ 120, ಎಲ್‌ಎಲ್‌ಎಂ 180. ಮೂರೂ ಲೆವೆಲ್ 7, ಅಂದರೆ ಅಲ್ಲಿಯ ಸ್ನಾತಕೋತ್ತರ ಮಟ್ಟ. ಒಂದು ಕ್ರೆಡಿಟ್‌ಗೆ ಸುಮಾರು 10 ಗಂಟೆ ಓದು ಅಂತ ಲೆಕ್ಕ. ಯುರೋಪಿನ ಲೆಕ್ಕಕ್ಕೆ ಬಂದರೆ ಅರ್ಧ ಮಾಡಬೇಕು, 180 ಅಂದರೆ 90. ನಮ್ಮ ಯುಜಿಸಿಯ ಒಂದು ವರ್ಷದ ಎಲ್‌ಎಲ್‌ಎಂ ಯೋಜನೆಯಲ್ಲಿ ಇದ್ದದ್ದು 24 ಕ್ರೆಡಿಟ್. 24ನ್ನು 180ರ ಪಕ್ಕ ಇಟ್ಟು "ನಮ್ಮದು ಇಷ್ಟೇನಾ" ಅಂತ ಗಾಬರಿ ಬೀಳಬೇಡಿ. ಅದು ಸೇರು, ಇದು ಲೀಟರ್. ಅಂಕಿ ಹೋಲಿಸಿ ಪ್ರಯೋಜನವಿಲ್ಲ, ಓದಿದ ಗಂಟೆ ಮತ್ತು ಸಿಲೆಬಸ್ ಹೋಲಿಸಬೇಕು.

ಒಂದೇ ಯೂನಿವರ್ಸಿಟಿಯಲ್ಲಿ ಮೇಲಕ್ಕೆ ಹೋಗೋದು ಒಂದು ಕೆಲಸ. ಬೇರೆ ಯೂನಿವರ್ಸಿಟಿಗೆ ಕ್ರೆಡಿಟ್ ಹೊತ್ತುಕೊಂಡು ಹೋಗೋದು ಪೂರ್ತಿ ಬೇರೆ ಕೆಲಸ. ಮೊದಲನೆಯದು ಸುಲಭ. ಯೂನಿವರ್ಸಿಟಿ ಆಫ್ ಲಂಡನ್ ದೂರಶಿಕ್ಷಣದಲ್ಲಿ ನಡೆಸುವ ಎಲ್‌ಎಲ್‌ಎಂ ನೋಡಿ. ಸರ್ಟಿಫಿಕೇಟ್‌ಗೆ ಸೇರಿ, ಪಾಸಾದ ಮಾಡ್ಯೂಲ್‌ಗಳನ್ನೇ ಲೆಕ್ಕಕ್ಕೆ ಹಿಡಿದು ಡಿಪ್ಲೊಮಾ, ಆಮೇಲೆ ಎಲ್‌ಎಲ್‌ಎಂಗೆ ಹೋಗಬಹುದು. ನನ್ನಂತೆ ಹಗಲೆಲ್ಲ ಕೋರ್ಟಿನಲ್ಲಿ ಇರುವವರಿಗೆ ಇದೇ ವಾಸಿ. ನಾನೂ ಕೊನೆಗೆ ಹೀಗೆ ಕೆಳಗಿನಿಂದಲೇ ಶುರು ಮಾಡಿದೆ, ಬೇರೊಂದು ಕಡೆ.

ಇಲ್ಲೂ ಒಂದು ಗುಂಡಿ ಇದೆ. 60 ಕ್ರೆಡಿಟ್ ಆದ ತಕ್ಷಣ ಸರ್ಟಿಫಿಕೇಟ್ ಕೈಗೆ ತೆಗೆದುಕೊಳ್ಳುವ ಆಸೆ ಎಲ್ಲರಿಗೂ ಇರುತ್ತೆ, ಗೋಡೆಗೆ ನೇತು ಹಾಕೋಕೆ. ತಡೀರಿ. ಸಾಮಾನ್ಯವಾಗಿ ಅವೇ ಕ್ರೆಡಿಟ್‌ಗಳಿಗೆ ಎರಡು ಪದವಿ ಕೊಡಲ್ಲ. ಕೆಲವು ಕಡೆ ಮೇಲಕ್ಕೆ ಹೋಗುವಾಗ ಹಳೆಯ ಸರ್ಟಿಫಿಕೇಟ್ ವಾಪಸ್ ಕೇಳ್ತಾರೆ, ಇನ್ನು ಕೆಲವು ಕಡೆ ಪದವಿ ಪಡೆದಿದ್ದೀರಿ ಅಂದರೆ ಕೋರ್ಸ್ ಮುಗಿಯಿತು ಅಂತಲೇ ಅರ್ಥ. ಪಡೆಯುವ ಮುಂಚೆ ಒಂದು ಮೇಲ್ ಹಾಕಿ.

ಬೇರೆ ಕಡೆ ಹೋಗುವವರು ಅರ್ಜಿಗೂ ಫೀಸಿಗೂ ಮುಂಚೆಯೇ ಆ ಯೂನಿವರ್ಸಿಟಿಗೆ ಬರೆದು ಕೇಳಿ: ಹೊರಗಿನ ಕ್ರೆಡಿಟ್ ಜಾಸ್ತಿ ಅಂದರೆ ಎಷ್ಟು ತೆಗೆದುಕೊಳ್ತೀರಿ? ಎಷ್ಟು ವರ್ಷ ಹಳೆಯದಿದ್ದರೂ ನಡೆಯುತ್ತಾ? ಆ ಅಂಕಗಳು ಡಿಸ್ಟಿಂಕ್ಷನ್ ಲೆಕ್ಕಕ್ಕೆ ಸೇರುತ್ತವಾ, ಬರೀ ಪಾಸ್ ಅಂತ ಬರುತ್ತಾ? ಫೀಸು ಕಡಿಮೆ ಆಗುತ್ತಾ? ಕೊನೆಯ ಪ್ರಶ್ನೆ ಕೇಳೋಕೆ ನಾಚಿಕೆ ಬೇಡ. ಡಿಸರ್ಟೇಶನ್‌ನ (ಸಂಶೋಧನಾ ಪ್ರಬಂಧದ) ಕ್ರೆಡಿಟ್ ಅಂತೂ ಹೊರಗಿನಿಂದ ತರಬಹುದು ಅಂದುಕೊಳ್ಳಬೇಡಿ, ಅದನ್ನು ಅಲ್ಲೇ ಬರೆಯಿಸುವುದು ರೂಢಿ. ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ. ವಕೀಲರಿಗೆ ಇದನ್ನು ಬೇರೆ ಹೇಳಬೇಕಾ?

ಜೊತೆಗೆ ಈಗಲೇ ಒಂದು ಫೋಲ್ಡರ್ ಮಾಡಿ. ಟ್ರಾನ್ಸ್‌ಕ್ರಿಪ್ಟ್, ನೀವು ಓದಿದ ವರ್ಷದ್ದೇ ಸಿಲೆಬಸ್, ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಪುಟದ ಅಸೈನ್‌ಮೆಂಟ್, ಎಲ್ಲ ಅದರಲ್ಲಿರಲಿ. ಮುಂದಿನ ವರ್ಷ ಸಿಲೆಬಸ್ ಬದಲಾದರೆ ಹಳೆಯದು ಹುಡುಕಿದರೂ ಸಿಗಲ್ಲ.

ಪಾಠ ಮಾಡುವ ಆಸೆ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಯುಜಿಸಿಯ 2020ರ ನಿಯಮದಂತೆ ಕಾನೂನು ಕೋರ್ಸ್‌ಗಳನ್ನು ದೂರಶಿಕ್ಷಣದಲ್ಲಿ ನಡೆಸುವಂತಿಲ್ಲ. 2021ರ ಜನವರಿಯಲ್ಲಿ ಹೊರಬಂದ ಬಾರ್ ಕೌನ್ಸಿಲ್ ನಿಯಮಗಳು ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ನಮ್ಮ ಎಲ್‌ಎಲ್‌ಎಂಗೆ ಸಮ ಅಲ್ಲ ಅಂದವು, ಆ ಜಗಳ ಸುಪ್ರೀಂ ಕೋರ್ಟ್‌ಗೂ ಹೋಯಿತು. ಕಂಪನಿ ಕೆಲಸಕ್ಕೆ, ಪ್ರಾಕ್ಟೀಸ್‌ಗೆ ಇದರಿಂದ ತೊಂದರೆಯಿಲ್ಲ. ಲಾ ಕಾಲೇಜಿನಲ್ಲಿ ಲೆಕ್ಚರರ್ ಆಗಬೇಕು ಅಂತಿದ್ದರೆ ಮಾತ್ರ, ಲಂಡನ್ನಿಗೆ ಮೇಲ್ ಹಾಕುವ ಮುಂಚೆ ಇಲ್ಲಿಯ ಕಾಲೇಜಿಗೊಂದು ಪತ್ರ ಬರೆಯಿರಿ.