ಅಟ್ಟಣಿಗೆಯ ಟಗರು ಮರಿ: 110 ದಿನದ ಲೆಕ್ಕ

ಕೂಡಿಹಾಕಿದ ಮರಿ ಮೈ ಹಿಡಿಯುವುದಿಲ್ಲ, ಕುರಿ ಅಡ್ಡಾಡಿಯೇ ಮೇಯಬೇಕು ಎನ್ನುತ್ತಿದ್ದವರೇ ಈಗ ನಮ್ಮ ಅಟ್ಟಣಿಗೆಗೆ (ನೆಲದಿಂದ ಎತ್ತರಿಸಿ ಹಲಗೆ ಹಾಸಿದ ದೊಡ್ಡಿ) ಬಂದು ತಕ್ಕಡಿ ನೋಡಿ ಹೋಗುತ್ತಾರೆ. ಕಳೆದ ತಂಡದ 40 ಟಗರು ಮರಿ ಬಂದಾಗ ಸರಾಸರಿ 12 ಕೆಜಿ, 110 ದಿನಕ್ಕೆ 25 ಕೆಜಿ. ಸತ್ತದ್ದು ಒಂದೇ.

ಮೊದಲ ತಂಡದಲ್ಲಿ ಒಂಬತ್ತು ಸತ್ತವು. ಸಂತೆಯಿಂದ ಇಳಿಸಿದ ಮೂರನೇ ದಿನವೇ ಮೆಕ್ಕೆಜೋಳದ ನುಚ್ಚು ಸುರಿದದ್ದೇ ತಪ್ಪು. ಕರುಳುಬೇನೆ (ಇ.ಟಿ.) ಬಡಕಲು ಮರಿಯನ್ನು ಬಿಟ್ಟು ದುಂಡಗಿನ, ಹೆಚ್ಚು ತಿನ್ನುವ ಮರಿಯನ್ನೇ ಮೊದಲು ಒಯ್ಯುತ್ತದೆ. ರಾತ್ರಿ ಗಬಗಬ ತಿಂದದ್ದು ಬೆಳಿಗ್ಗೆ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಈಗ ಮೊದಲ ಹತ್ತು ದಿನ ತೊಗರಿ ಹೊಟ್ಟು, ಜೋಳದ ಕಣಿಕೆ, ನೀರು ಅಷ್ಟೇ. ಮೂರನೇ ದಿನ ಜಂತಿನ ಔಷಧ, ಒಂದು ವಾರಕ್ಕೆ ಇ.ಟಿ. ಲಸಿಕೆ, ಮೂರು ವಾರ ಬಿಟ್ಟು ಮತ್ತೊಮ್ಮೆ. ಎರಡನೆಯದನ್ನು ಮರೆತರೆ ಮೊದಲನೆಯದಕ್ಕೆ ಬಲವಿಲ್ಲ. ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಲಸಿಕೆ ನಡುವೆ. ಹನ್ನೊಂದನೇ ದಿನದಿಂದ ಮರಿಗೆ ದಿನಕ್ಕೆ 50 ಗ್ರಾಂ ದಾಣಿ (ಕಾಳು, ಹಿಂಡಿ, ಬೂಸಾದ ಮಿಶ್ರಣ), ನಾಲ್ಕು ದಿನಕ್ಕೊಮ್ಮೆ ಮತ್ತೆ 50, ಹೀಗೆ 300 ಗ್ರಾಂಗೆ ನಿಲುಗಡೆ. ಕೊನೆಯ ತಿಂಗಳು 400. ಹಿಕ್ಕೆ ಉಂಡೆ ಕಟ್ಟದೆ ಮೆತ್ತಗಾದ ದಿನ ದಾಣಿ ಅರ್ಧ.

ಎರಡನೇ ತಂಡವನ್ನು ಕಾಡಿದ್ದು ಮೂತ್ರದ ಕಲ್ಲು. ಅಗ್ಗವೆಂದು ಗೋಧಿ ಬೂಸಾ ಹೆಚ್ಚಿಸಿದ್ದರಿಂದ ರಂಜಕ (ಫಾಸ್ಫರಸ್) ಏರಿ, ಸುಣ್ಣದಂಶ ಸಾಲದಾಯಿತು. ಮರಿ ಬೆನ್ನು ಬಾಗಿಸಿ, ಬಾಲ ಕುಣಿಸುತ್ತ ತಿಣುಕುತ್ತದೆ. ತೊಟ್ಟಿಕ್ಕುವುದು ಒಂದೆರಡು ಹನಿ. ಹೊಟ್ಟೆಯಡಿ ಕೈಯಾಡಿಸಿದರೆ ಮೂತ್ರದ್ವಾರದ ಕೂದಲಿಗೆ ಅಂಟಿದ ಸಣ್ಣ ಹರಳು ಉಪ್ಪಿನಂತೆ ಬೆರಳಿಗೆ ಚುಚ್ಚುತ್ತದೆ. ಆ ಹರಳು ಸಿಕ್ಕ ದಿನವೇ ಡಾಕ್ಟರನ್ನು ಕರೆಸಬೇಕು, ಮರುದಿನಕ್ಕೆ ತಡವಾಗಿರುತ್ತದೆ. ಈಗಿನ ದಾಣಿ 100 ಕೆಜಿಗೆ ಮೆಕ್ಕೆಜೋಳ 50, ಶೇಂಗಾ ಹಿಂಡಿ 25, ಬೂಸಾ ಬರೀ 20. ಉಳಿದದ್ದು ಸುಣ್ಣಕಲ್ಲು ಪುಡಿ, ಉಪ್ಪು, ಖನಿಜ ಮಿಶ್ರಣ ಮತ್ತು ಒಂದು ಕೆಜಿ ಬೇರೊಂದು ಪದಾರ್ಥ. ಅದರ ಹೆಸರು ನನ್ನ ಹತ್ತಿರವೇ ಇರಲಿ.

ಅಟ್ಟಣಿಗೆ ಹಲಗೆಗಳ ಸಂದು ಅರ್ಧ ಇಂಚು ಸಾಕು. ಒಂದು ಇಂಚು ಬಿಟ್ಟಾಗ ಹಿಕ್ಕೆಯೇನೋ ಸಲೀಸಾಗಿ ಬಿತ್ತು, ಆದರೆ ಎರಡು ಮರಿಗಳ ಕಾಲು ಸಿಕ್ಕಿ ಮುರಿಯಿತು.

ಟ್ರೇಯಲ್ಲಿ ಮೆಕ್ಕೆಜೋಳ ಮೊಳಕೆ ಬರಿಸುವ ಪ್ರಯೋಗವನ್ನೂ ಮಾಡಿದೆ. ಒಂದು ಕೆಜಿ ಬೀಜ ಐದಾರು ಕೆಜಿ ಹಸಿರಾಗುವುದು ನಿಜ, ಹೆಚ್ಚಿದ್ದು ಮಾತ್ರ ನೀರು. ಬೂಷ್ಟು ಹಿಡಿಯುವುದು ಬೇರೆ. ಅದಕ್ಕಿಂತ ರೇಷ್ಮೆ ಬೆಳೆಗಾರರಲ್ಲಿ ಉಳಿಯುವ, ಔಷಧ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪು ಎಷ್ಟೋ ಮೇಲು. ಸೊಪ್ಪು ಸಿಕ್ಕ ವಾರ ಹಿಂಡಿ ಕಮ್ಮಿ ಮಾಡುತ್ತೇನೆ.

ಖರೀದಿ ಬಾಗಲಕೋಟೆ ಜಿಲ್ಲೆಯ ಸಂತೆಗಳಲ್ಲಿ: ಶನಿವಾರ ಅಮೀನಗಡ, ಇಲ್ಲವೆ ಮಂಗಳವಾರ ಕೆರೂರು. ಹಾಲುಹಲ್ಲಿನ, ಮೂರು–ನಾಲ್ಕು ತಿಂಗಳ ಮರಿಗಳೇ ಬೇಕು, ಎಲ್ಲ ಒಂದೇ ಅಳತೆಯವು. ಹೊಟ್ಟೆ ಉಬ್ಬಿದ್ದರೆ ನೀರು ಕುಡಿಸಿ ತಂದಿರುತ್ತಾರೆ; ಬೆನ್ನುಮೂಳೆ ಮುಟ್ಟಿ ನೋಡಬೇಕು. ಬಿಳಿಚಿದ ಕಣ್ಣಂಚು ಎಂದರೆ ಜಂತು. ಇನ್ನೊಂದು ಗುರುತಿದೆ, ಅದನ್ನು ಸಂತೆಯಲ್ಲಿ ಜೊತೆಗೆ ನಿಂತೇ ಕಲಿಯಬೇಕು.

ಕಳೆದ ತಂಡದಲ್ಲಿ ಒಂದು ಮರಿಯ ಖರೀದಿಗೆ ಸುಮಾರು 6,200 ರೂಪಾಯಿ, ಸಾಗಣೆ 150, ದಾಣಿ ಸಾವಿರದ ಹತ್ತಿರ, ಹೊಟ್ಟು-ಕಣಿಕೆ 600, ಔಷಧ-ಲಸಿಕೆ 120. ಎಲ್ಲ ಸೇರಿ ಎಂಟು ಸಾವಿರ ದಾಟಿತು. ಮಾರಿದ್ದು ಕೆಜಿಗೆ 380ರಂತೆ, 25 ಕೆಜಿಗೆ 9,500. ಮರಿಗೆ 1,400 ಚಿಲ್ಲರೆ ಉಳಿಯಿತು, ಮನೆಯವರ ದುಡಿಮೆ ಹಿಡಿಯದೆ. ಗೊಬ್ಬರದ ದುಡ್ಡು ಬೇರೆ.

ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸಿ ಮಾರಿದಾಗ ಇದೇ ತೂಕದ ಮರಿಗೆ ದಲ್ಲಾಳಿ 8,300ಕ್ಕಿಂತ ಮೇಲೆ ಏರಲಿಲ್ಲ. ಈಗ ಗಿರಾಕಿ ದೊಡ್ಡಿಗೇ ಬರುತ್ತಾನೆ. ಬೆಳಿಗ್ಗೆ ದಾಣಿ ಹಾಕುವ ಮೊದಲು ಅವನೆದುರೇ ತೂಕ. ಗಾಡಿಯಲ್ಲಿ ಕರಗುವ ಅರ್ಧ, ಮುಕ್ಕಾಲು ಕೆಜಿ ಅವನ ಲೆಕ್ಕ. ಬಕ್ರೀದ್‌ಗೆ ಕಾಯಿಸುವ ಆಸೆ ಬಿಟ್ಟಿದ್ದೇನೆ. ಹಬ್ಬ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ, ಅಲ್ಲಿ ಬೇಕಾದದ್ದು ವರ್ಷ ತುಂಬಿದ, ಕೊಂಬು ಮುರಿಯದ ಟಗರು. 25 ಕೆಜಿ ದಾಟಿದ ಮೇಲೆ ತಿಂದಷ್ಟು ತೂಕ ಬರುವುದಿಲ್ಲ. ಆ ಜಾಗಕ್ಕೆ ಮುಂದಿನ ಶನಿವಾರ ಹೊಸ ಮರಿ ಬರುತ್ತವೆ.