ಉಗಾದಿ ದಿನದ ಹಾಜರಿ

2019ರ ಏಪ್ರಿಲ್ 6, ಶನಿವಾರ, ಉಗಾದಿ. ನಮ್ಮ ತರಬೇತಿ ಸೆಂಟರಿನ ಹಾಜರಿ ಪುಸ್ತಕದ ಪ್ರಕಾರ ಆ ದಿನವೂ 24 ಮಂದಿ ಹುಡುಗರು ಬಂದು ಫೈಲಿಂಗ್, ಅಂದರೆ ಲೋಹವನ್ನು ಅರದಿಂದ ಉಜ್ಜಿ ಅಳತೆಗೆ ತರುವ ಅಭ್ಯಾಸ, ಮಾಡಿದ್ದರು. ತಪಾಸಣೆಗೆ ಬಂದ ಅಧಿಕಾರಿ ಆ ಪುಟದ ಮೇಲೆ ಬೆರಳಿಟ್ಟು, "ಹಬ್ಬದ ದಿನಾನೂ ಮಕ್ಕಳು ಬಂದಿದ್ರಾ?" ಎಂದು ಮೆಲ್ಲಗೆ ಕೇಳಿದರು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಕೂತು ತುಂಬಿದ ಪುಸ್ತಕ ಅದು. ತುಂಬಿದ್ದು ಇನ್‌ಸ್ಟ್ರಕ್ಟರ್, ಕೆಳಗೆ ಸಹಿ ಹಾಕಿದ್ದು ನಾನು. ಆ ಬ್ಯಾಚಿನ ಬಿಲ್ ಪಾಸಾಗಲಿಲ್ಲ. ಪಾಸಾಗಬಾರದಿತ್ತು ಕೂಡ.

ಕೋಲಾರದಿಂದ ನರಸಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ಬೇಸಿಕ್ ಟ್ರೈನಿಂಗ್ ಸೆಂಟರ್. ಐಟಿಐ ಓದದೆ ನೇರವಾಗಿ ಕಾರ್ಖಾನೆಯಲ್ಲೇ ಕಸುಬು ಕಲಿಯುವ ಅಪ್ರೆಂಟಿಸ್ ಆಗುವವರಿಗೆ ಕಾರ್ಖಾನೆಯೊಳಗೆ ಕಾಲಿಡುವ ಮೊದಲು ಉಪಕರಣ ಹಿಡಿಯುವುದು, ಅಳತೆ ನೋಡುವುದು, ಮೈಕೈ ಕಾಪಾಡಿಕೊಳ್ಳುವುದು ಇವನ್ನು ಹೇಳಿಕೊಡುತ್ತೇವೆ. 2016ರಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಬಂದಾಗ ಈ ತರಬೇತಿಗೆ ಒಬ್ಬರಿಗೆ ಗರಿಷ್ಠ 500 ಗಂಟೆಗೆ, 7,500 ರೂಪಾಯಿವರೆಗೆ ಸರ್ಕಾರ ಕೊಡುವುದೆಂದು ಗೊತ್ತುಮಾಡಿದ್ದರು. ಹಣ ಕೊಡುವವರು ಲೆಕ್ಕ ಕೇಳುತ್ತಾರೆ. ಎಷ್ಟು ಮಂದಿ ಸೇರಿದರು, ಎಷ್ಟು ಗಂಟೆ ಕಲಿತರು, ಕೊನೆವರೆಗೆ ಎಷ್ಟು ಮಂದಿ ಉಳಿದರು, ಪರೀಕ್ಷೆಗೆ ಕೂತವರೆಷ್ಟು, ಪಾಸಾದವರೆಷ್ಟು. ನಾನು ಅಲ್ಲಿವರೆಗೆ ಮೊದಲನೇ ಪ್ರಶ್ನೆಗೆ ಮಾತ್ರ ಓಡಾಡಿದ್ದೆ.

ನಿಜವಾದ ಲೆಕ್ಕ ತೆಗೆದರೆ 24ರಲ್ಲಿ ಉಳಿದವರು 13. ಬಿಟ್ಟುಹೋದ 11 ಮಂದಿಯ ಪಟ್ಟಿ ಬರೆದುಕೊಂಡು ಬೈಕ್ ಹತ್ತಿದೆ. ಎಲ್ಲರ ಮನೆಗೂ ಹೋಗಲು ಎರಡು ವಾರ ಹಿಡಿಯಿತು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಬಹುಪಾಲು ಆ ಎರಡು ವಾರದಲ್ಲೇ.

ಶ್ರೀನಿವಾಸಪುರದ ಕಡೆಯ ನಾಲ್ಕು ಮನೆಗಳಲ್ಲಿ ಸಿಕ್ಕಿದ ಉತ್ತರ ಒಂದೇ. "ಕಾಯಿ ಕೀಳೋ ಕಾಲ ಸಾರ್. ಸಾಯಂಕಾಲಕ್ಕೆ ಕೂಲಿ ಕೈಗೆ ಬರ್ತದೆ. ನಿಮ್ಮದು ಯಾವಾಗ ಬರ್ತದೋ ಯಾರಿಗೆ ಗೊತ್ತು?" ಎಂದರು ಒಬ್ಬ ತಾಯಿ. ಫೆಬ್ರವರಿ ಕೊನೆಗೆ ಬ್ಯಾಚ್ ಶುರುಮಾಡಿ ಮೇ ತಿಂಗಳಲ್ಲಿ ಹಾಜರಿ ಬೀಳುತ್ತದೆಂದು ಹುಡುಗರನ್ನು ಬೈಯುತ್ತಿದ್ದೆ. ಮಾವಿನ ತೋಪುಗಳ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಈಗ ದೊಡ್ಡ ಬ್ಯಾಚ್ ಶುರುವಾಗುವುದು ಜುಲೈ ಮಧ್ಯದಲ್ಲಿ, ಕಾಯಿ ಮುಗಿದ ಮೇಲೆ. ಒಂದು ಪೈಸೆ ಖರ್ಚಿಲ್ಲದೆ ಹಾಜರಿ ಏರಿದ್ದು ಈ ಒಂದು ಬದಲಾವಣೆಯಿಂದ.

ಆ ತಾಯಿಯ ಎರಡನೇ ಮಾತು ಇನ್ನೂ ದೊಡ್ಡದು. ಒಂದು ತಿಂಗಳ ಸ್ಟೈಪೆಂಡನ್ನು, ಅಂದರೆ ಅಪ್ರೆಂಟಿಸ್‌ಗೆ ಕಂಪನಿ ಕೊಡುವ ತಿಂಗಳ ಹಣವನ್ನು, ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕೆಂಬುದು ನಿಯಮ. ಕಂಪನಿ ಹಾಕಿದರೂ ಹುಡುಗನಿಗೆ ಮುಟ್ಟುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇಲ್ಲ. 2023ರ ಆಗಸ್ಟ್‌ನಿಂದ ಸರ್ಕಾರದ ಪಾಲು, ಅಂದರೆ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ, ನೇರವಾಗಿ ಅಪ್ರೆಂಟಿಸ್ ಖಾತೆಗೇ ಬರತೊಡಗಿತು. ಬಂದದ್ದು ಒಳ್ಳೆಯದೇ. ಆದರೆ ಅದು ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ, ನಮಗೆ ಬರೆದುಕೊಟ್ಟ ಖಾತೆಗಲ್ಲ. ಒಬ್ಬ ಹುಡುಗನ ದುಡ್ಡು ನಾಲ್ಕು ತಿಂಗಳು, ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತಿದ್ದ ಇನ್ನೊಂದು ಬ್ಯಾಂಕಿನ ಖಾತೆಗೆ ಬೀಳುತ್ತಿತ್ತು. ಅವನು ಕಂಪನಿಯೇ ತಿಂದಿತೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಈಗ ಒಪ್ಪಂದಕ್ಕೆ ಸಹಿ ಹಾಕಿಸುವ ಮೊದಲೇ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ಅಕ್ಷರ ಅಕ್ಷರ ಓದುತ್ತೇವೆ. ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ, ಒಟಿಪಿ ಬರುವ ಸಿಮ್ ಯಾರ ಕೈಯಲ್ಲಿದೆ ಎಂದೂ ಕೇಳುತ್ತೇವೆ. ಒಬ್ಬರಿಗೆ ಅರ್ಧ ಗಂಟೆ ಬೇಕು. ಹೊಸದಾಗಿ ಸೆಂಟರ್ ತೆರೆಯುವವರು ನನ್ನನ್ನು ಕೇಳಿದರೆ, ಮೊದಲು ಈ ಅರ್ಧ ಗಂಟೆಗೆ ಒಬ್ಬರನ್ನು ಇಟ್ಟುಕೊಳ್ಳಿ ಅನ್ನುತ್ತೇನೆ.

ಹಾಜರಿ ಈಗ ಬೆಳಗ್ಗೆ 9 ಗಂಟೆಗೆ ಹುಡುಗರ ಮುಂದೆಯೇ ಆಗುತ್ತದೆ. ಬರದವರ ಮನೆಗೆ 10ರೊಳಗೆ ಫೋನ್. ಬರಲಿಲ್ಲ ಎಂದರೆ ಬರಲಿಲ್ಲ ಎಂದೇ ಬರೆಯುವುದು. ಕೆಂಪು ಗುರುತು ಹೆಚ್ಚಿದ ವಾರವೇ ನಮಗೆ ಎಚ್ಚರಿಕೆ. ಅದನ್ನು ಅಳಿಸಿದರೆ ಹುಡುಗನೇ ಕೈಬಿಟ್ಟುಹೋಗುತ್ತಾನೆ.

ಡೈರಿಯನ್ನೂ ಅವರೇ ಬರೆಯಬೇಕು, ಕೊನೆಯ ಹದಿನೈದು ನಿಮಿಷ, ಕನ್ನಡದಲ್ಲಿ. ತರಬೇತಿಯ ಪ್ರಗತಿ ದಾಖಲಿಸಿಡಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆಯೇ ಹೇಳುತ್ತದೆ, ಆದರೆ ನಾವು ಬರೆಯುತ್ತಿದ್ದದ್ದು "ಫೈಲಿಂಗ್ ಅಭ್ಯಾಸ" ಎಂಬ ಎರಡು ಪದ, ತಿಂಗಳಿಡೀ. ಕಳೆದ ಬ್ಯಾಚಿನ ಒಬ್ಬಳು ಬರೆದಿದ್ದಳು: "50 ಎಂಎಂ ಚೌಕ ಮಾಡಿದೆ. ಟ್ರೈಸ್ಕ್ವೇರ್ ಇಟ್ಟಾಗ ಒಂದು ಮೂಲೆಯಲ್ಲಿ ಬೆಳಕು ಕಂಡಿತು. ನಾಳೆ ಅದನ್ನು ಸರಿ ಮಾಡಬೇಕು." ಟ್ರೈಸ್ಕ್ವೇರ್ ಎಂದರೆ ಮೂಲೆ ನೇರವಾಗಿದೆಯೇ ಎಂದು ನೋಡುವ ಉಪಕರಣ, ಸಂದಿನಲ್ಲಿ ಬೆಳಕು ಕಂಡರೆ ಅಲ್ಲಿ ಕೆಲಸ ಸರಿಯಾಗಿಲ್ಲ ಎಂದರ್ಥ. ತಪಾಸಣೆಯವರಿಗೆ ಇದಕ್ಕಿಂತ ಒಳ್ಳೆಯ ದಾಖಲೆ ಯಾವುದನ್ನು ತೋರಿಸಲಿ? ಮನೆಯಲ್ಲಿ ತೆಲುಗು ಆಡುವ ಮಕ್ಕಳ ಡೈರಿಯಲ್ಲಿ ತೆಲುಗು ಮಾತೂ ನುಸುಳುತ್ತದೆ. ಅದನ್ನು ತಿದ್ದಲು ಹೋಗುವುದಿಲ್ಲ. ಅಳತೆ ತಪ್ಪಿದ್ದರೆ ಮಾತ್ರ ತಿದ್ದುತ್ತೇನೆ.

ಕಂಪನಿಗಳ ವಿಷಯ. 30 ಅಥವಾ ಹೆಚ್ಚು ನೌಕರರಿರುವ ಕಡೆ ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕೆಲವರು ಸಂಖ್ಯೆ ತುಂಬಿಸಿ, ಫಿಟ್ಟರ್ ಹುಡುಗನನ್ನು ವರ್ಷವಿಡೀ ಪ್ಯಾಕಿಂಗ್‌ನಲ್ಲಿ ನಿಲ್ಲಿಸುತ್ತಾರೆ. ಕಾಯ್ದೆಯ ಪ್ರಕಾರ ಅವನು ಕಾರ್ಮಿಕನಲ್ಲ, ಕಲಿಯಲು ಬಂದವನು. ಪ್ಯಾಕಿಂಗ್ ಮಾಡಿದವನು ಟ್ರೇಡ್ ಟೆಸ್ಟ್‌ನಲ್ಲಿ ಏನು ಮಾಡಿ ತೋರಿಸಬೇಕು? ಯಾವ ತಿಂಗಳು ಯಾವ ವಿಭಾಗ ಎಂಬ ಪಟ್ಟಿ ಬರೆದುಕೊಡದಿದ್ದರೆ ಈಗ ನಾವು ಕಳಿಸುವುದಿಲ್ಲ. ಒಂದು ಕಂಪನಿ ಒಪ್ಪಲಿಲ್ಲ. ಆ ವರ್ಷ ನಮ್ಮ ಸೇರ್ಪಡೆ ಸಂಖ್ಯೆ ಇಳಿಯಿತು, ಪಾಸಾದವರ ಸಂಖ್ಯೆ ಇಳಿಯಲಿಲ್ಲ.

ಇನ್ನೂ ಕೈಗೆ ಹತ್ತದಿರುವುದು ಹೆಣ್ಣುಮಕ್ಕಳ ಓಡಾಟ. ರಾತ್ರಿ 10ಕ್ಕೆ ಶಿಫ್ಟ್ ಬಿಟ್ಟರೆ ಮುಳಬಾಗಿಲಿನ ಆಚೆಯ ಹಳ್ಳಿಗೆ ಬಸ್ ಎಲ್ಲಿದೆ? ಕಳೆದ ಬ್ಯಾಚಿನ ಏಳು ಮಂದಿಗೂ ಬೆಳಗಿನ ಶಿಫ್ಟೇ ಬೇಕೆಂದು ಮೊದಲೇ ಬರೆಸಿಕೊಂಡೆವು. ಐವರು ಪರೀಕ್ಷೆಯವರೆಗೆ ಬಂದರು. ಒಬ್ಬಳು ಡಿಗ್ರಿ ಓದಲು ಹೋದಳು. ಇನ್ನೊಬ್ಬಳಿಗೆ ಮದುವೆಯಾಯಿತು. ಟ್ರೈಸ್ಕ್ವೇರಿನ ಬೆಳಕು ನೋಡಿದವಳು ಅವಳೇ. ಅವಳ ಡೈರಿ ಇನ್ನೂ ನನ್ನ ಬೀರುವಿನಲ್ಲಿದೆ. ಗಂಡನ ಮನೆ ಬಂಗಾರಪೇಟೆಯಂತೆ, ಬರುವ ಭಾನುವಾರ ಹೋಗಿ ಅವರ ಮನೆಯವರ ಹತ್ತಿರ ಮಾತಾಡಿ ಬರಬೇಕು.